ಮರುದೇವಿ ಮಿಸ್ಸಿನ ಗ್ರಿಂಪಲ್

ಮರುದೇವಿ ಮಿಸ್ ಪಕ್ಕದಲ್ಲಿ ಕೂತರೆ ಬಸ್ಸಿನಲ್ಲಿ ನಿದ್ದೆ ಮಾಡುವ ಆಸೆಯನ್ನು ಬಿಟ್ಟುಬಿಡಬೇಕು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಎಷ್ಟೋ ವರ್ಷಗಳಿಂದ ಓಡಾಡುತ್ತಿದ್ದೇವೆ. ನಾನು ಹತ್ತಿದ ಕೂಡಲೇ ಕಣ್ಣು ಮುಚ್ಚುವವನು, ಅವರು ಹತ್ತಿದ ಕೂಡಲೇ ಬಾಯಿ ತೆರೆಯುವವರು. ತೆಂಗಿನಕಾಯಿ ವ್ಯಾಪಾರಿ ಪಕ್ಕಕ್ಕೆ ಬಂದರೆ, ಕಾಯಿಯನ್ನು ಬೆರಳಲ್ಲಿ ಬಡಿದು ನೋಡುತ್ತೀರಲ್ಲ, ಆಗ ನಿಮಗೆ ಏನು ಕೇಳಿಸುತ್ತದೆ ಎಂದು ವಿಚಾರಿಸುತ್ತಾರೆ. ಚಿಲ್ಲರೆ ಇಲ್ಲ ಅನ್ನುವವರಲ್ಲಿ ಯಾರ ಹತ್ತಿರ ನಿಜವಾಗಿ ಇಲ್ಲ ಎನ್ನುವುದು ಮುಖ ನೋಡಿದರೆ ಗೊತ್ತಾಗುತ್ತದೆಯೇ ಎಂದು ಕಂಡಕ್ಟರನ್ನು ಕೇಳುತ್ತಾರೆ. ಶಾಲೆಗೆ ಹೋಗುವ ಹುಡುಗಿ ಸಿಕ್ಕಿದಳೋ, ಅವಳ ಕತೆ ಮುಗಿಯಿತು. ಕಿಟಕಿಯಾಚೆ ಯಾವುದೋ ಇಂಗ್ಲಿಷ್ ಬೋರ್ಡು ತೋರಿಸಿ ಓದಿಸುತ್ತಾರೆ. ಹುಡುಗಿ ಪಟಪಟ ಓದುತ್ತಾಳೆ. ಹಾಗಂದರೇನು ಎಂದು ಕೇಳುತ್ತಾರೆ. ಹುಡುಗಿ ಮುಂದಿನ ಸ್ಟಾಪಿನಲ್ಲಿ ಇಳಿಯುವವಳಂತೆ ಎದ್ದು ನಿಲ್ಲುತ್ತಾಳೆ.

ನಾನು ಗೌರೀಶಂಕರ. ಹೊಳೆನರಸೀಪುರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ಹತ್ತನೇ ತರಗತಿಯ ಕ್ಲಾಸ್ ಟೀಚರ್. ಅವರು ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಮಕ್ಕಳೂ ಊರಿನವರೂ ಮಿಸ್ ಅನ್ನುವುದರಿಂದ ನನ್ನ ಬಾಯಲ್ಲೂ ಅದೇ ಬರುತ್ತದೆ. ಶ್ರವಣಬೆಳಗೊಳದ ಜೈನರ ಮನೆಯ ಹೆಣ್ಣುಮಗಳು, ಮದುವೆಯಾಗಿ ಚನ್ನರಾಯಪಟ್ಟಣ ಸೇರಿದ್ದು. ಗಂಡ ಆದಿರಾಜರದು ಅಲ್ಲಿ ಪಾತ್ರೆ ಅಂಗಡಿ. ಹೊತ್ತು ಮುಳುಗಿದ ಮೇಲೆ ಇವರ ಮನೆಯಲ್ಲಿ ಊಟವಿಲ್ಲ. ಹಾಗಾಗಿ ಸಂಜೆ ವಿಶೇಷ ತರಗತಿ ಇದ್ದ ದಿನ, ಬಿಸಿಲಿರುವಾಗಲೇ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟು, ಅವರು ಉತ್ತರ ಬರೆಯುವುದರೊಳಗೆ ಡಬ್ಬಿ ತೆಗೆದು ಚಪಾತಿ ಮುಗಿಸುತ್ತಾರೆ. ಪ್ರಶ್ನೆ ತೀರಾ ಕಷ್ಟದ್ದಾಗಿದ್ದರೆ ಇವತ್ತು ಮಿಸ್ಸಿನ ಡಬ್ಬಿಯಲ್ಲಿ ಏನೋ ಜಾಸ್ತಿಯೇ ಇದೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಾರೆ.

ಈ ಕೇಳುವ ಚಟ ಎಲ್ಲಿಂದ ಅಂಟಿತು ಎಂದು ಒಂದು ದಿನ ಬಸ್ಸಿನಲ್ಲಿ ನಾನೇ ಅವರನ್ನು ಕೇಳಿಬಿಟ್ಟೆ. ನಿದ್ದೆಯಂತೂ ಹೋಗಿತ್ತು, ಕಾರಣವಾದರೂ ತಿಳಿಯಲಿ ಎಂದು. ಅವರು ಹೇಳಿದ್ದಿಷ್ಟು. ಚಿಕ್ಕವರಿದ್ದಾಗ ಬೆಟ್ಟದ ಬುಡದಲ್ಲೇ ಅವರ ಆಟ. ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಗೈಡುಗಳ ಹಿಂದೆ ತಿರುಗಿ ತಿರುಗಿ, ಬೆಟ್ಟದ ಚರಿತ್ರೆಯೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠವಾಗಿತ್ತು. ಮೂರ್ತಿ ಯಾರು ಕೆತ್ತಿಸಿದ್ದು, ಎಷ್ಟು ಎತ್ತರ, ಎಷ್ಟು ಮೆಟ್ಟಿಲು, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸುತ್ತಿದ್ದರಂತೆ. ವಿದೇಶಿಯರು ಮೆಚ್ಚಿ ಚಾಕ್ಲೇಟು ಕೊಡುತ್ತಿದ್ದರು. ಒಂದು ದಿನ ನರೆಗೂದಲಿನ ಒಬ್ಬ ಹೆಂಗಸು ಇವರ ಪಾಠದ ನಡುವೆ ಬಗ್ಗಿ ಏನೋ ಕೇಳಿದಳು. ಇವರು ದಿಕ್ಕು ತೋಚದೆ ಮೊದಲಿನಿಂದ ಶುರು ಮಾಡಿದರು. ಆಕೆ ನಗುತ್ತ ಅದೇ ಮಾತನ್ನು ಮತ್ತೆ ಕೇಳಿದಳು. ಇವರು ಮತ್ತೆ ಮೊದಲಿನಿಂದ. ಕೊನೆಗೆ ಆಕೆ ಕೆನ್ನೆ ಸವರಿ ಹೊರಟುಹೋದಳು.

"ಬಾಯಿ ತುಂಬ ಇಂಗ್ಲಿಷ್ ಇತ್ತು ಸಾರ್, ತಲೇಲಿ ಒಂದಕ್ಷರ ಇರಲಿಲ್ಲ. ಆಯಮ್ಮ ಏನು ಕೇಳಿದ್ರು ಅನ್ನೋದು ನಂಗೆ ಇವತ್ತಿಗೂ ಗೊತ್ತಿಲ್ಲ" ಎಂದರು ಮರುದೇವಿ ಮಿಸ್.

ಹಾಗಾಗಿ ಅವರಿಗೆ ಅಂಕಗಳ ಮೇಲೆ ಅನುಮಾನ. ಬೇರೆ ಟೀಚರುಗಳು ಕಡಿಮೆ ಅಂಕ ಬಂದ ಮಗುವನ್ನು ಕರೆದು ವಿಚಾರಿಸಿದರೆ, ಇವರು ಪೂರ್ತಿ ಅಂಕ ಬಂದ ಮಗುವನ್ನು ಕರೆದು ವಿಚಾರಿಸುತ್ತಿದ್ದರು. ವಿರುದ್ಧ ಪದಗಳ ಪಟ್ಟಿಯನ್ನು ಪೂರ್ತಿ ಒಪ್ಪಿಸುವ ಹುಡುಗನಿಗೆ, ಸರಿಯಪ್ಪ, ಈಗ ಎರಡೂ ಪದಗಳ ಅರ್ಥ ಹೇಳು ಎನ್ನುತ್ತಿದ್ದರು. ಅವನು ಮಿಕಿಮಿಕಿ ನೋಡುತ್ತಿದ್ದ. ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವುದರಲ್ಲಂತೂ ನಮ್ಮ ಮಕ್ಕಳು ಗಟ್ಟಿಗರು. ಹೆಂಚಿನ ಮೇಲಿನ ದೋಸೆಯ ಹಾಗೆ ಮಗುಚಿಹಾಕುತ್ತಾರೆ. ಆದರೆ ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ಕೇಳಿದರೆ ಅದು ಸಿಲಬಸ್ಸಿನಲ್ಲಿ ಇಲ್ಲ ಮಿಸ್ ಅನ್ನುತ್ತಾರೆ. ಇವರಿಗೆ ಇದರಿಂದ ಸಿಟ್ಟು ಬರುತ್ತಿರಲಿಲ್ಲ. ಕಣ್ಣು ಅರಳುತ್ತಿತ್ತು. ಅರ್ಥವಾಗದೆಯೂ ಸರಿ ಉತ್ತರ ಬರೆಯುವಾಗ ಆ ತಲೆಯೊಳಗೆ ನಡೆಯುವುದಾದರೂ ಏನು ಎನ್ನುವುದು ಅವರ ಜೀವಮಾನದ ಕುತೂಹಲ.

ಇದೆಲ್ಲಕ್ಕೂ ಮೇಲೆ ನಮ್ಮ ಕಡೆಯ ಶಾಲೆಗಳಲ್ಲಿ ಒಂದು ವಿದ್ಯೆ ಉಂಟು. ಅದನ್ನು ನಾವು ಸಾಲು ಎತ್ತುವುದು ಎನ್ನುತ್ತೇವೆ. ಇಂಗ್ಲಿಷ್ ಪತ್ರಿಕೆಯಲ್ಲಿ ಮಕ್ಕಳು ಹಿಂದೆಂದೂ ನೋಡಿರದ ಒಂದು ಪ್ಯಾಸೇಜು ಕೊಟ್ಟು, ಕೆಳಗೆ ಪ್ರಶ್ನೆ ಕೇಳಿರುತ್ತಾರೆ. ಓದಿ ತಿಳಿದುಕೊಳ್ಳುವ ಶಕ್ತಿ ಇದೆಯೇ ಎಂದು ನೋಡುವುದಕ್ಕಾಗಿ ಇಟ್ಟಿರುವ ಪ್ರಶ್ನೆ ಅದು. ಓದುವ ಗೋಜಿಗೆ ಹೋಗಬೇಡಿ, ಪ್ರಶ್ನೆಯಲ್ಲಿ ಎದ್ದು ಕಾಣುವ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಹುಡುಕಿ, ಅದಿರುವ ಸಾಲನ್ನು ಹಾಗೇ ಎತ್ತಿ ಇಡಿ ಎಂದು ಮಿಸ್ ಒಬ್ಬರನ್ನು ಬಿಟ್ಟು ನಾವೆಲ್ಲ ಹೇಳಿಕೊಡುತ್ತೇವೆ. ಅಂಕ ಬೀಳುತ್ತದೆ. ನಮ್ಮ ತರಗತಿಗೆ ಮೊದಲಿಗನಾದ ಅತಿಶಯ್ ಎಂಬ ಹುಡುಗ ಈ ವಿದ್ಯೆಯಲ್ಲಿ ಪಳಗಿದವನು. ಪ್ಯಾಸೇಜನ್ನು ಅವನು ಓದಿದ್ದನ್ನು ನಾನಂತೂ ಕಂಡಿಲ್ಲ. ಬೆರಳಾಡಿಸುತ್ತಾನೆ, ಪದ ಸಿಗುತ್ತದೆ, ಬರೆಯುತ್ತಾನೆ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಮತ್ತು ಹೊಳೆನರಸೀಪುರದ ಕೆಲವು ಅನುದಾನಿತ ಶಾಲೆಗಳು ಸೇರಿ ಒಂದು ಕೂಟ ಮಾಡಿಕೊಂಡಿದ್ದೇವೆ. ಎಸ್ಸೆಸ್ಸೆಲ್ಸಿಗೆ ಮಕ್ಕಳ ಹೆಸರು ಕಳುಹಿಸುವ ಮುಂಚೆ, ದೀಪಾವಳಿ ಕಳೆದ ಮೇಲೆ, ಎಲ್ಲ ಶಾಲೆಗಳಿಗೂ ಒಂದೇ ಪತ್ರಿಕೆಯ ಅಣಕು ಪರೀಕ್ಷೆ. ಒಂದು ಊರಿನ ಉತ್ತರಪತ್ರಿಕೆಯನ್ನು ಇನ್ನೊಂದು ಊರಿನಲ್ಲಿ ತಿದ್ದುತ್ತಾರೆ. ಇಂಗ್ಲಿಷ್ ಪತ್ರಿಕೆ ತೆಗೆಯುವ ಕೆಲಸ ಮೊದಲಿನಿಂದಲೂ ಮರುದೇವಿ ಮಿಸ್ಸಿನದು. ಕೂಟದಲ್ಲಿ ಅವರ ಪತ್ರಿಕೆಗೆ ಒಳ್ಳೆಯ ಹೆಸರಿತ್ತು, ಆ ಹೆಸರಿನ ಬಗ್ಗೆ ಅವರಿಗೂ ಒಳಗೊಳಗೇ ಹೆಮ್ಮೆ.

ಈಗ ರಂಜಿತಾಳ ವಿಷಯಕ್ಕೆ ಬರಬೇಕು.

ರಂಜಿತಾಳ ಊರು ಕೊಣನೂರು. ಅಪ್ಪ ರುದ್ರೇಶನಿಗೆ ಒಂದಿಷ್ಟು ಗದ್ದೆ, ಜೊತೆಗೆ ಸಾಮಾನು ಸಾಗಿಸುವ ಆಟೋ. ಹುಡುಗಿ ಇಲ್ಲಿ ತಾಯಿಯ ತಾಯಿ ಸುವರ್ಣಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಸುವರ್ಣಮ್ಮನದು ಪೇಟೆಬೀದಿಯಲ್ಲಿ ವಿಭೂತಿ, ಕರ್ಪೂರ, ಊದುಬತ್ತಿಯ ಸಣ್ಣ ಅಂಗಡಿ. ರಂಜಿತಾ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ. ತುಟಿ ಅಲ್ಲಾಡಿಸುತ್ತ ಓದುವಳು, ಒಂದು ಪುಟಕ್ಕೆ ಉಳಿದವರ ಮೂರರಷ್ಟು ಹೊತ್ತು. ಅದರ ಮೇಲೆ ಬೇಡದ ಪ್ರಶ್ನೆಗಳು ಬೇರೆ. ನಾನೊಂದು ಯುದ್ಧದ ಕಾರಣ ಪರಿಣಾಮಗಳನ್ನು ಬೋರ್ಡಿನ ಮೇಲೆ ಬರೆದು ಸುಸ್ತಾಗಿ ನಿಂತಿದ್ದರೆ, ರಾಜ ಸತ್ತುಹೋದ ಮೇಲೆ ಆ ಸೈನಿಕರೆಲ್ಲ ಊರಿಗೆ ಹೇಗೆ ಹೋದರು ಸಾರ್, ಊಟಕ್ಕೆ ಏನು ಮಾಡಿದರು ಎಂದು ಕೇಳುತ್ತಿದ್ದಳು. ಪರೀಕ್ಷೆಗೆ ಬರಲ್ಲ, ಕೂತ್ಕೊ ಎಂದು ಗದರುತ್ತಿದ್ದೆ. ಇನ್ನೇನು ಮಾಡಲಿ? ನನಗೂ ಗೊತ್ತಿರಲಿಲ್ಲ.

ನಮ್ಮ ಹೆಡ್ಮಾಸ್ಟರು ಅಮರನಾಥ ಕೆಟ್ಟವರಲ್ಲ. ಜೋರು ಮಳೆ ಬಂದ ಸಂಜೆ ದೂರದ ಮಕ್ಕಳನ್ನು ತಮ್ಮ ಕಾರಿನಲ್ಲೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವ ಮನುಷ್ಯ. ಆದರೆ ನೂರಕ್ಕೆ ನೂರು ಫಲಿತಾಂಶ ಎನ್ನುವ ಮಾತು ಕಿವಿಗೆ ಬಿದ್ದರೆ ಅವರು ಬೇರೆಯೇ ಮನುಷ್ಯ. ಹಿಂದಿನ ವರ್ಷ ಬಂದಿತ್ತು, ಶಾಲೆಯ ಕಮಾನಿಗೆ ದೊಡ್ಡ ಬ್ಯಾನರು ಕಟ್ಟಿಸಿದ್ದರು. ಈ ವರ್ಷವೂ ಬರಬೇಕು ಎಂದು ಆಡಳಿತ ಮಂಡಳಿಯವರು ಹೇಳಿಬಿಟ್ಟಿದ್ದರು. ಅಣಕು ಪರೀಕ್ಷೆಯ ಇಂಗ್ಲಿಷಿನಲ್ಲಿ ಪಾಸಾಗದವರ ಹೆಸರನ್ನು ಈ ಸಲ ಕಳುಹಿಸುವುದಿಲ್ಲ ಎಂಬುದು ಅವರ ತೀರ್ಮಾನ. ರಂಜಿತಾಳ ವಿಷಯದಲ್ಲಿ ಅದಕ್ಕೆ ನೆಪವೂ ಸಿದ್ಧವಾಗಿತ್ತು. ತಾಯಿಯ ಬಾಣಂತನಕ್ಕೆಂದು ಅವಳು ಕೊಣನೂರಿಗೆ ಹೋಗಿ ಮನೆ ನೋಡಿಕೊಂಡಿದ್ದರಿಂದ ಹಾಜರಾತಿ ತೀರ ಅಂಚಿನಲ್ಲಿತ್ತು. ಕೊರತೆ ಎಂದು ಬರೆದರೆ ಕೊರತೆ, ಇಲ್ಲ ಎಂದರೆ ಇಲ್ಲ. ಮುಂದಿನ ವರ್ಷ ಹೊರಗಿನಿಂದ ಕಟ್ಟಿಕೊಳ್ಳಲಿ ಬಿಡಿ ಎಂದರು ಹೆಡ್ಮಾಸ್ಟರು.

ಸುದ್ದಿ ಹೇಗೋ ಮುಟ್ಟಿ, ಸುವರ್ಣಮ್ಮ ಅಂಗಡಿ ಮುಚ್ಚಿ ಶಾಲೆಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ನನ್ನ ಹತ್ತಿರ ಹೇಳಿಕೊಂಡರು.

"ಅವ್ರಪ್ಪ ಆಗ್ಲೇ ಏಳ್ಬುಟ್ಟವ್ನೆ ಸಾ. ಇಸ್ಕೂಲ್ನೋರು ಎಸ್ರು ತಗುದ್ರೆ ಕೊಣನೂರಿಗೆ ಕರ್ಕಂಡೋಗಿ ಮನೇಲಿ ಇಟ್ಕತೀನಿ ಅಂತ. ಒಂದ್ಸಲ ಮನೇಲಿ ಕುಂತ್ಕಂಡ ಎಣ್ಮಗ ಮತ್ತೆ ಪುಸ್ತಕ ಇಡೀತದಾ ಸಾ? ಅದ್ರ ಓದು ಅಲ್ಲಿಗೇ ಮುಗೀತು ಕಣ್ ಸಾ."

ಪಕ್ಕದ ಮೇಜಿನಲ್ಲಿ ಕೂತಿದ್ದ ಮರುದೇವಿ ಮಿಸ್ ತಲೆಯೆತ್ತಿ ಇದನ್ನು ಕೇಳಿಸಿಕೊಂಡರು. ಆಗಲೇ ಅವರು ಅಣಕು ಪತ್ರಿಕೆಯನ್ನು ತಯಾರಿಸಿ ಅಚ್ಚಿಗೆ ಕಳಿಸಿ ಆಗಿತ್ತು.

ಪರೀಕ್ಷೆಯ ದಿನ ಕೊಠಡಿಯಲ್ಲಿ ನನ್ನ ಕಾವಲು. ಹೊತ್ತು ಹೋಗದೆ ಒಂದು ಪತ್ರಿಕೆ ತೆಗೆದುಕೊಂಡು ಪ್ಯಾಸೇಜು ನೋಡಿದೆ. ಅದರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಿತ್ತು: ‘ಗ್ರಿಂಪಲ್‌ಗಳು ದಿನಾ ಬೆಳಿಗ್ಗೆ ಟ್ರೋವಿನಲ್ಲಿ ಸ್ಲೋಬುತ್ತವೆ. ಬಿಸಿಲೇರಿದರೆ ಅವು ಬಹಳ ಫೆಂಟಾಗುತ್ತವೆ. ಆಗ ಮುದಿ ಗ್ರಿಂಪಲ್ ಒಂದು ಮಾರ್ಡಲನ್ನು ಡಪ್ಪಿ ಎಲ್ಲಕ್ಕೂ ಹಂಚುತ್ತದೆ. ಮಾರ್ಡಲ್ ಸಿಗದ ಗ್ರಿಂಪಲ್ ಮರುದಿನ ಟ್ರೋವಿಗೆ ಬರುವುದಿಲ್ಲ.’ ಕೆಳಗೆ ನಾಲ್ಕು ಪ್ರಶ್ನೆ. ಗ್ರಿಂಪಲ್‌ಗಳು ಬೆಳಿಗ್ಗೆ ಎಲ್ಲಿ ಸ್ಲೋಬುತ್ತವೆ? ಅವು ಯಾವಾಗ ಫೆಂಟಾಗುತ್ತವೆ? ಮುದಿ ಗ್ರಿಂಪಲ್ ಏನು ಮಾಡುತ್ತದೆ? ಮರುದಿನ ಬರದಿರುವುದು ಯಾವುದು? ನಾಲ್ಕಕ್ಕೂ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡೆ. ನನ್ನ ಇಂಗ್ಲಿಷೂ ಪರವಾಗಿಲ್ಲ ಎನ್ನಿಸಿ, ಮೀಸೆ ತೀಡಿಕೊಂಡು ಕೊಠಡಿಯಲ್ಲಿ ಒಂದು ಸುತ್ತು ಹಾಕಿದೆ. ಅತಿಶಯ್ ಆಗಲೇ ಅದನ್ನು ಮುಗಿಸಿ ಮುಂದಿನ ಪುಟಕ್ಕೆ ಹೋಗಿದ್ದ. ರಂಜಿತಾ ಮಾತ್ರ ತುಟಿ ಅಲ್ಲಾಡಿಸುತ್ತ ಅಲ್ಲೇ ಕೂತಿದ್ದಳು. ಗಂಟೆ ಹೊಡೆಯುವವರೆಗೂ ಅಲ್ಲೇ ಇದ್ದಳು.

ಉತ್ತರಪತ್ರಿಕೆಗಳು ಚನ್ನರಾಯಪಟ್ಟಣದಲ್ಲಿ ತಿದ್ದಿಸಿಕೊಂಡು ವಾಪಸು ಬಂದವು. ಆ ಪ್ಯಾಸೇಜಿಗೆ ನಮ್ಮ ತರಗತಿಯಲ್ಲಿ ಎಲ್ಲರಿಗೂ ನಾಲ್ಕಕ್ಕೆ ನಾಲ್ಕು, ರಂಜಿತಾಳಿಗೆ ಸೊನ್ನೆ. ಪಾಸಾಗಲು ಅವಳಿಗೆ ಮೂರು ಅಂಕ ಕಡಿಮೆ. ಬೇರೆ ಊರುಗಳಲ್ಲೂ ಮಕ್ಕಳು ಪ್ಯಾಸೇಜನ್ನು ಚೆನ್ನಾಗಿ ಮಾಡಿದ್ದಾರೆಂದು ಸುದ್ದಿ ಬಂತು. ಅರಕಲಗೂಡಿನ ಒಬ್ಬ ಮೇಷ್ಟ್ರು ಫೋನು ಮಾಡಿ, ಪತ್ರಿಕೆಯ ಅಚ್ಚು ಮಸುಕಾಗಿತ್ತು, ಮುಂದಿನ ಸಲ ನೋಡಿಕೊಳ್ಳಿ ಎಂದು ದೂರಿದರು. ಅದೊಂದು ಬಿಟ್ಟರೆ ಯಾರದೂ ತಕರಾರಿಲ್ಲ.

ಅವತ್ತು ಸಂಜೆ ಬಸ್ಸಿನಲ್ಲಿ ಮರುದೇವಿ ಮಿಸ್ ಯಾರನ್ನೂ ಏನೂ ಕೇಳಲಿಲ್ಲ. ಮೈ ಸರಿಯಿಲ್ಲವೇ ಎಂದು ನಾನು ವಿಚಾರಿಸಬೇಕಾಯಿತು. ಬ್ಯಾಗಿನಿಂದ ರಂಜಿತಾಳ ಉತ್ತರಪತ್ರಿಕೆ ತೆಗೆದು ನನ್ನ ಕೈಗಿಟ್ಟರು. ಪ್ಯಾಸೇಜಿನ ಉತ್ತರದ ಜಾಗದಲ್ಲಿ ವಕ್ರವಕ್ರ ಅಕ್ಷರಗಳಲ್ಲಿ, ತಪ್ಪುತಪ್ಪು ಇಂಗ್ಲಿಷಿನಲ್ಲಿ, ಆ ಹುಡುಗಿ ಬರೆದಿದ್ದಳು: ತುಂಬಾ ಸಲ ಓದಿದೆ, ಗ್ರಿಂಪಲ್ ಏನೆಂದು ಗೊತ್ತಾಗಲಿಲ್ಲ, ಅದು ಗೊತ್ತಾಗದೆ ಮುಂದಿನದೂ ಗೊತ್ತಾಗುತ್ತಿಲ್ಲ, ಕ್ಷಮಿಸಿ ಮಿಸ್. ಅದರ ಮೇಲೆ ತಿದ್ದಿದವರು ಕೆಂಪಿನಲ್ಲಿ ಅಡ್ಡಗೆರೆ ಎಳೆದಿದ್ದರು.

ಗ್ರಿಂಪಲ್ ಅಂದರೆ ಏನು ಮೇಡಂ ಎಂದು ನಾನು ಆಗ ಕೇಳಿದೆ. ಪರೀಕ್ಷೆಯ ದಿನ ಕೇಳಿಕೊಳ್ಳಬೇಕು ಅನ್ನಿಸಿರಲೇ ಇಲ್ಲ.

ಏನೂ ಅಲ್ಲ ಎಂದರು ಮಿಸ್. ಗ್ರಿಂಪಲೂ ಇಲ್ಲ, ಟ್ರೋವೂ ಇಲ್ಲ, ಮಾರ್ಡಲೂ ಇಲ್ಲ. ತಾವೇ ಕೂತು ಹುಟ್ಟಿಸಿದ ಪದಗಳು. ಇಷ್ಟು ಶಾಲೆಗಳಲ್ಲಿ ಎಷ್ಟು ಮಕ್ಕಳು ಓದುತ್ತಾರೆ, ಎಷ್ಟು ಮಕ್ಕಳು ಸಾಲು ಎತ್ತುತ್ತಾರೆ ಎಂದು ತಿಳಿದುಕೊಳ್ಳುವ ಆಸೆಯಾಗಿತ್ತಂತೆ. ಮಕ್ಕಳು ಎದ್ದು ನಿಂತು, ಇದೇನು ಎಂದು ಕೇಳುತ್ತಾರೆ, ಟೀಚರುಗಳು ಫೋನು ಮಾಡಿ ಬೈಯುತ್ತಾರೆ, ಆಗ ಎಲ್ಲರೂ ನಕ್ಕು ಆ ಪ್ರಶ್ನೆ ಕೈಬಿಟ್ಟರಾಯಿತು ಎಂದುಕೊಂಡಿದ್ದರಂತೆ. ಯಾರೂ ಏಳಲಿಲ್ಲ, ಯಾರೂ ಬೈಯಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಮೀಸೆ ತೀಡಿಕೊಂಡದ್ದು ನೆನಪಾಗಿ ಸಿಟ್ಟು ಇನ್ನೂ ಏರಿತು. ಸುಮ್ಮನಿದ್ದುಬಿಡಿ, ಹೊರಗೆ ಬಂದರೆ ಕೂಟದವರು ಇನ್ನು ಯಾವತ್ತೂ ನಿಮ್ಮ ಕೈಗೆ ಪತ್ರಿಕೆ ಕೊಡುವುದಿಲ್ಲ ಎಂದು ಬುದ್ಧಿ ಹೇಳಿದೆ.

"ನನ್ನ ಕುತೂಹಲಕ್ಕೆ ಆ ಮಗು ಫೇಲಾಗಿದೆ ಸಾರ್. ಓದಿದ್ದೇ ಅವಳೊಬ್ಬಳು" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಉತ್ತರಪತ್ರಿಕೆಯನ್ನು ಮಡಿಸಿ ಅವರ ಕೈಗೆ ವಾಪಸು ಕೊಟ್ಟೆ.

ಮರುದಿನ ಹೆಡ್ಮಾಸ್ಟರ ಕೋಣೆಯಲ್ಲಿ ಸಭೆ. ಹೆಸರು ಕಳುಹಿಸಲು ಅದೇ ಕೊನೆಯ ದಿನ. ರಂಜಿತಾಳ ಹೆಸರಿನ ಮೇಲೆ ಅಮರನಾಥರು ಪೆನ್ನು ಇಟ್ಟಿದ್ದರು. ಮರುದೇವಿ ಮಿಸ್ ಎದ್ದು, ಅದಕ್ಕೂ ಮುಂಚೆ ಈ ಪ್ಯಾಸೇಜಿಗೆ ಒಂದು ಸಲ ಉತ್ತರ ಹೇಳಬೇಕು ಸಾರ್ ಎಂದು ಪತ್ರಿಕೆಯನ್ನು ಅವರ ಮುಂದಿಟ್ಟರು. ಹೆಡ್ಮಾಸ್ಟರಿಗೆ ಇಂಗ್ಲಿಷ್ ಎಂದರೆ ಉಮೇದು. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿ, ನಾಲ್ಕಕ್ಕೂ ತಡವರಿಸದೆ ಉತ್ತರ ಹೇಳಿದರು. ಎಲ್ಲವೂ ಸರಿ ಎಂದರು ಮಿಸ್.

"ಗ್ರಿಂಪಲ್ ಅಂದ್ರೆ ಏನ್ ಸಾರ್?"

ಹೆಡ್ಮಾಸ್ಟರು ಯಾವುದೋ ಪಕ್ಷಿ ಇರಬೇಕು ಎಂದರು. ವಿಜ್ಞಾನದ ಸ್ನೇಹಲತಾ ಮೇಡಂ, ಬಿಸಿಲಿಗೆ ಹೀಗಾಗುವುದಾದರೆ ಕಪ್ಪೆಯ ಕಡೆಯದು ಎಂದು ವಾದಿಸಿದರು. ಟ್ರೋವು ಎಂದರೆ ಕೆರೆಯೋ ಪೊದೆಯೋ ಎಂಬುದರ ಮೇಲೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಸ್ನೇಹಲತಾ ಮೇಡಂ ಮೊಬೈಲು ತೆಗೆದು ಹುಡುಕಿದರು. ಒಂದೊಂದೇ ಪದ ಹಾಕುತ್ತ ಹೋದಂತೆ ಅವರ ಮುಖ ಚಿಕ್ಕದಾಗುತ್ತ ಬಂತು. ಇಂಥ ಪದಗಳೇ ಇಲ್ಲ ಸಾರ್ ಎಂದು ಮೊಬೈಲನ್ನು ಮೇಜಿನ ಮೇಲೆ ಇಟ್ಟರು.

ಆಮೇಲೆ ಮರುದೇವಿ ಮಿಸ್ ತಾವು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ರಂಜಿತಾ ಬರೆದದ್ದನ್ನು ಓದಿ ತೋರಿಸಿದರು. ಅಮರನಾಥರ ಮುಖ ಕೆಂಪಾಯಿತು. ನಮಗೇ ಪರೀಕ್ಷೆ ಕೊಡುತ್ತೀರಾ ಎಂದು ಹಾರಾಡಿದರು. ಇಡೀ ಕೂಟದ ಮರ್ಯಾದೆ ತೆಗೆದಿರಿ ಎಂದರು. ಮಿಸ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟೆಲ್ಲ ಆದ ಮೇಲೂ ಹೆಡ್ಮಾಸ್ಟರು, ಏನೇ ಆದರೂ ಅಂಕ ಅಂಕವೇ, ಫೇಲು ಫೇಲೇ ಎಂದು ಪೆನ್ನು ಎತ್ತಿಕೊಂಡರು.

ಆಗ ನನಗೆ ನಮ್ಮ ವೃತ್ತಿಯ ಒಂದು ಹಳೆಯ ವಾಡಿಕೆ ನೆನಪಾಯಿತು. ಪ್ರಶ್ನೆಯೇ ತಪ್ಪಾಗಿದ್ದರೆ, ಬರೆದವರು ಬಿಟ್ಟವರು ಎನ್ನದೆ ಎಲ್ಲರಿಗೂ ಅದರ ಪೂರ್ತಿ ಅಂಕ ಕೊಡಬೇಕು. ಕೃಪಾಂಕ ಎನ್ನುತ್ತಾರೆ. ಅರ್ಥವೇ ಇಲ್ಲದ ಪ್ರಶ್ನೆ ತಪ್ಪು ಪ್ರಶ್ನೆಯಲ್ಲದೆ ಇನ್ನೇನು ಸಾರ್ ಎಂದೆ. ಉಳಿದ ಮಕ್ಕಳಿಗೆ ಆ ನಾಲ್ಕು ಈಗಾಗಲೇ ಬಂದಿದೆ, ಬಾಕಿ ಇರುವುದು ರಂಜಿತಾ ಒಬ್ಬಳಿಗೆ. ಕೊಟ್ಟರೆ ಪಾಸು.

ಅಮರನಾಥರು ನನ್ನನ್ನು ಒಂದು ನಮೂನೆ ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಪ್ರಶ್ನೆ ತಪ್ಪು ಎಂದು ಪತ್ರಿಕೆ ತೆಗೆದವರೇ ಬರೆದುಕೊಡಬೇಕಾಗುತ್ತದೆ, ಅದನ್ನು ಕೂಟಕ್ಕೆ ಕಳುಹಿಸಬೇಕಾಗುತ್ತದೆ, ಆಮೇಲೆ ನನ್ನನ್ನು ಅನ್ನಬಾರದು ಎಂದರು. ಅವರ ಮಾತು ಮುಗಿಯುವುದರೊಳಗೆ ಮರುದೇವಿ ಮಿಸ್ ಬರೆಯುವುದಕ್ಕೆ ಕೂತಿದ್ದರು. ರಂಜಿತಾಳ ಹೆಸರು ಹೋಯಿತು. ಕೂಟದವರು ಮುಂದಿನ ವಾರವೇ ಪತ್ರಿಕೆ ತೆಗೆಯುವ ಕೆಲಸವನ್ನು ಹಾಸನದ ಇನ್ನೊಬ್ಬರಿಗೆ ವಹಿಸಿದರು. ಮಿಸ್ ಅದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಆ ವಾರವೆಲ್ಲ ಬಸ್ಸಿನಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅದು ನನಗೆ ಹಿಡಿಸಲಿಲ್ಲ.

ಅವರ ಕುತೂಹಲ ಅಷ್ಟಕ್ಕೆ ಆರುವಂಥದ್ದಲ್ಲ. ಒಂದು ಸಂಜೆ ವಿಶೇಷ ತರಗತಿ ಬಿಟ್ಟ ಮೇಲೆ ರಂಜಿತಾಳನ್ನು ಕೂರಿಸಿಕೊಂಡು, ಆ ಪ್ಯಾಸೇಜು ನೋಡಿದಾಗ ನಿನಗೆ ಏನನ್ನಿಸಿತು ಎಂದು ಕೇಳಿದರು. ನಾನು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಅಲ್ಲೇ ಇದ್ದೆ.

"ಎಲ್ರಿಗೂ ಅರ್ಥ ಆಯ್ತದೆ, ನಂಗೊಬ್ಳಿಗೇ ಆಗಾಕಿಲ್ಲ ಅನ್ಕಂಡೆ ಮಿಸ್" ಎಂದಳು ರಂಜಿತಾ. "ಯಾವಾಗ್ಲೂ ಅಂಗೇ ಅನ್ಕಂತೀನಿ. ಅವ್ರೆಲ್ಲ ಬಿರ್ರನೆ ಬರೀತಾವ್ರಲ್ಲ. 'ಅಂಗಂದ್ರೇನು' ಅಂತ ಕೇಳುದ್ರೆ ನಗ್ತಾರೆ ಅಂತ ಸುಮ್ಕಿರ್ತೀನಿ."

ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಇಷ್ಟು ವರ್ಷ ಈ ಮಗು ಒಂದೊಂದು ಪರೀಕ್ಷೆಯಲ್ಲೂ ಹೀಗೆ ಕೂತು, ತನ್ನನ್ನು ತಾನೇ ದಡ್ಡಿ ಎಂದುಕೊಂಡಿತ್ತು. ಯಾರಿಗೂ ಅರ್ಥವಾಗುತ್ತಿರಲಿಲ್ಲ, ನಿನಗೆ ಮಾತ್ರ ಅದು ಗೊತ್ತಿತ್ತು ಎಂದು ಮಿಸ್ ಅವಳಿಗೆ ಹೇಳಿದರು. ರಂಜಿತಾ ನಂಬಲಿಲ್ಲ. ಅತಿಶಯ್‌ಗೂ ಗೊತ್ತಿರಲಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದಳು.

ಹೆಸರು ಹೋದ ಮಾತ್ರಕ್ಕೆ ಪಾಸಾಗುವುದಿಲ್ಲವಲ್ಲ. ಎಸ್ಸೆಸ್ಸೆಲ್ಸಿಗೆ ಉಳಿದದ್ದು ಕೆಲವೇ ತಿಂಗಳು. ಅವಳು ಓದುವ ವೇಗದಲ್ಲಿ ಓದಿದರೆ ಪತ್ರಿಕೆ ಮುಗಿಯುವುದಿಲ್ಲ. ಫೇಲಾದರೆ ರುದ್ರೇಶ ಆಟೋ ತಂದು ಗೇಟಿನ ಮುಂದೆ ನಿಲ್ಲಿಸುತ್ತಾನೆ. ದಾರಿ ಒಂದೇ, ನೀವು ಅವಳಿಗೂ ಸಾಲು ಎತ್ತುವುದನ್ನು ಕಲಿಸಿ ಎಂದೆ. ಮಿಸ್ ನನ್ನ ಮುಖವನ್ನೇ ನೋಡಿದರು. ಇಷ್ಟು ವರ್ಷದಲ್ಲಿ ನಿಜವಾಗಿ ಓದುವ ಒಂದು ಮಗು ಸಿಕ್ಕಿದೆ, ಅದಕ್ಕೆ ಓದಬೇಡ ಎಂದು ನಾನೇ ಕಲಿಸಬೇಕೇ ಎಂದರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕಲಿಸತೊಡಗಿದರು.

ರಂಜಿತಾ ಅದನ್ನು ಸುಲಭಕ್ಕೆ ಒಪ್ಪಲಿಲ್ಲ.

"ಇದು ಕಾಪಿ ಒಡ್ದಂಗಲ್ವಾ ಮಿಸ್?" ಎಂದಳು.

ಮಿಸ್ ಕೈಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, ಅರ್ಥವಾದ ಕಡೆ ನಿನ್ನ ಮಾತಿನಲ್ಲೇ ಬರಿ, ಎಷ್ಟು ಓದಿದರೂ ಆಗದ ಕಡೆ ಮಾತ್ರ ಸಾಲು ಎತ್ತು, ಆದರೆ ಎತ್ತಿದ ಸಾಲು ಯಾವುದು ಅಂತ ನಿನಗೆ ಗೊತ್ತಿರಲಿ, ಹೊರಗೆ ಬಂದು ನನಗೆ ಹೇಳು ಎಂದರು. ಅದೇ ಅವರಿಬ್ಬರ ಒಪ್ಪಂದವಾಯಿತು. ಚಳಿಗಾಲವೆಲ್ಲ ಹಾಗೇ ನಡೆಯಿತು. ಹುಡುಗಿ ಒಂದು ಪುಟ ಬರೆದು ತಂದು, ಇದು ನಂದು, ಇದು ಎತ್ತಿದ್ದು ಎಂದು ಬೆರಳಿಟ್ಟು ತೋರಿಸುವಳು. ಎತ್ತಿದ ಸಾಲುಗಳ ಅರ್ಥವನ್ನು ಮಿಸ್ ಆಮೇಲೆ ಬಿಡಿಸಿ ಹೇಳುವರು. ಎತ್ತುವುದು ಕಡಿಮೆಯಾಗುತ್ತ ಬಂತೇ ಎಂದರೆ, ಸ್ವಲ್ಪ ಬಂತು. ತುಟಿ ಅಲ್ಲಾಡುವುದಂತೂ ನಿಲ್ಲಲಿಲ್ಲ.

ಫಲಿತಾಂಶದ ವಿಷಯ ಮೊದಲೇ ಹೇಳಿಬಿಡುತ್ತೇನೆ. ರಂಜಿತಾ ಪಾಸಾದಳು. ಇಂಗ್ಲಿಷಿನಲ್ಲಿ ಬಂದ ಅಂಕವನ್ನು ಬ್ಯಾನರಿನಲ್ಲಿ ಹಾಕುವ ಹಾಗಿರಲಿಲ್ಲ, ಆದರೆ ಪಾಸಿಗೆ ಸಾಕಾಗಿತ್ತು. ಈಗ ಇದೇ ಊರಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಸುವರ್ಣಮ್ಮ ಶಾಲೆಗೆ ಬಂದು, ಬೇಡವೆಂದರೂ ಕೇಳದೆ, ನಮ್ಮೆಲ್ಲರ ಮೇಜಿನ ಮೇಲೂ ಒಂದೊಂದು ಊದುಬತ್ತಿ ಪೊಟ್ಟಣ ಇಟ್ಟು ಹೋದರು. ಅಮರನಾಥರು ಕಮಾನಿಗೆ ಹೊಸ ಬ್ಯಾನರು ಕಟ್ಟಿಸಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಅದಲ್ಲ, ಇಂಗ್ಲಿಷ್ ಪರೀಕ್ಷೆಯ ದಿನದ ಮಧ್ಯಾಹ್ನ.

ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಾವಿಬ್ಬರೂ ಬಿಸಿಲಲ್ಲಿ ಕಾಯುತ್ತಿದ್ದೆವು. ಮಕ್ಕಳು ಗುಂಪುಗುಂಪಾಗಿ ಬಂದು, ಬಿಟ್ಟ ಸ್ಥಳ ತುಂಬುವುದಕ್ಕೆ ಯಾರು ಏನು ಬರೆದರು ಎಂದು ಗದ್ದಲ ಎಬ್ಬಿಸಿದ್ದರು. ಪ್ಯಾಸೇಜು ಬಹಳ ಸುಲಭ ಮಿಸ್, ನಾಲ್ಕಕ್ಕೆ ನಾಲ್ಕು ಎಂದು ಅತಿಶಯ್ ಬಂದು ಹೇಳಿದ. ರಂಜಿತಾ ಎಲ್ಲರಿಗಿಂತ ಕೊನೆಗೆ ಬಂದಳು. ಒಂದೇ ಒಂದು ಸಾಲು ಎತ್ತಿದೆ ಎಂದು ಒಪ್ಪಿಸಿದಳು. ಹಾಗಾದರೆ ಪ್ಯಾಸೇಜಿನಲ್ಲಿ ಇದ್ದದ್ದೇನು ಎಂದು ಮಿಸ್ ಕೇಳಿದರು.

ಹುಡುಗಿ ಹೇಳತೊಡಗಿದಳು. ಒಂದು ಊರು. ಊರ ನಡುವೆ ಗಡಿಯಾರದ ಗೋಪುರ. ಗಡಿಯಾರ ನಿಂತುಹೋಗಿದೆ. ಊರಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿಲ್ಲ. ರಿಪೇರಿ ಮಾಡುವ ಮುದುಕನನ್ನು ಕರೆಸುತ್ತಾರೆ. ಅವನು ಮಂಡಿನೋವು ಸಹಿಸಿಕೊಂಡು ಮೇಲೆ ಹತ್ತಿ ಬಾಗಿಲು ತೆಗೆದು ನೋಡಿದರೆ, ಹಲ್ಲುಚಕ್ರಗಳ ನಡುವೆ ಒಂದು ಹಕ್ಕಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ಚಕ್ರ ತಿರುಗಿಸಿದರೆ ಮೊಟ್ಟೆ ಒಡೆಯುತ್ತದೆ. ಕೆಳಗೆ ಊರಿಗೆ ಊರೇ ಕತ್ತೆತ್ತಿಕೊಂಡು ನಿಂತಿದೆ. ಮುದುಕ ಕೈಯಲ್ಲಿ ಎಣ್ಣೆಡಬ್ಬಿ ಹಿಡಿದುಕೊಂಡು ಯೋಚಿಸುತ್ತ ನಿಂತಿದ್ದಾನೆ.

ಅವಳು ಹೇಳುತ್ತಿದ್ದುದು ನಿಧಾನವಾಗಿ, ಪಕ್ಕದ ಮನೆಯಲ್ಲಿ ನಡೆದದ್ದನ್ನು ಹೇಳುವ ಹಾಗೆ. ಬಿಟ್ಟ ಸ್ಥಳಗಳ ಗದ್ದಲ ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ನಾಲ್ಕಕ್ಕೆ ನಾಲ್ಕು ಬರೆದು ಬಂದಿದ್ದ ಮಕ್ಕಳೆಲ್ಲ ಅವಳ ಸುತ್ತ ನಿಂತಿದ್ದರು.

"ಆಮೇಲೆ?" ಎಂದ ಅತಿಶಯ್. "ಗಡಿಯಾರ ಓಡಿಸಿದ್ನಾ?"

"ಅದ್ನ ಕೊಟ್ಟಿಲ್ಲ ಕಣೋ, ಅಷ್ಟಕ್ಕೇ ನಿಲ್ಸವ್ರೆ" ಎಂದಳು ರಂಜಿತಾ. "ನೀನೂ ಬರ್ದ್ಯಲ್ಲ ಅದ್ನೇ."

ಅತಿಶಯ್ ಜೇಬಿನಲ್ಲಿ ಮಡಿಸಿಟ್ಟುಕೊಂಡಿದ್ದ ಪ್ರಶ್ನೆಪತ್ರಿಕೆ ತೆಗೆದು, ಕಾಂಪೌಂಡಿನ ನೆರಳಿಗೆ ಹೋಗಿ ಕೂತು, ಪ್ಯಾಸೇಜನ್ನು ಮೊದಲ ಸಾಲಿನಿಂದ ಓದತೊಡಗಿದ.